ತಂಗಿ ಹೇಳಿದ ಕಿಟಕಿ

ತಂಗಿ ಬಸವಮ್ಮ ವಿಮಾನ ಹತ್ತಿ ಬಂದದ್ದನ್ನು ಚನ್ನಾಜಮ್ಮ ಹೇಗೋ ನುಂಗಿಕೊಂಡಿದ್ದಳು. ತಂಗಿಯ ಗಂಡ ಷಡಕ್ಷರಿ ಕೊಳ್ಳೇಗಾಲದಲ್ಲಿ ರೇಷ್ಮೆ ನೂಲಿನ ವ್ಯಾಪಾರ ಮಾಡುವವನು, ಅವಳನ್ನು ಕೊಯಮತ್ತೂರಿಗೆ ಕರೆದೊಯ್ದಿದ್ದ. ಅದು ಅವಳ ಅದೃಷ್ಟ. ನುಂಗಲಾಗದ್ದು ಬೇರೆ. ಬಂದವಳು ಧನಗೆರೆಯಲ್ಲಿ ಅಕ್ಕನ ಮನೆಯ ಜಗಲಿಯಲ್ಲೇ ಕೂತು, ಬೀದಿಯ ಹೆಂಗಸರಿಗೆಲ್ಲ ಹೇಳಿದ್ದಳು:

"ಕಾವೇರಿ ಬೆಳ್ಳಿ ಉಡ್ದಾರದಂಗೆ ಕಾಣ್ತಿತ್ತು ಕಣ್ರವ್ವಾ. ಅತ್ತಾಗೆ ನಮ್ಮಕ್ಕನೂರು, ಅಂಗೈಯಷ್ಟು! ಅದ್ರೊಳ್ಗೆ ಎಲ್ಲೋ ನಮ್ಮಕ್ಕ ರಾಗಿ ಬೀಸ್ತಾ ಕೂತಿರ್ಬೇಕು ಅಂದ್ಕಂಡೆ."

ಹೆಂಗಸರು ನಕ್ಕರು. ಚನ್ನಾಜಮ್ಮನೂ ನಕ್ಕಳು. ಆದರೆ ಅಂದಿನಿಂದ ಬೀಸುವ ಕಲ್ಲಿನ ಮುಂದೆ ಕೂತರೆ ಸಾಕು, ಸೂರಿನ ಮೇಲಿಂದ ತಂಗಿ ಇಣುಕುತ್ತಿದ್ದಾಳೆ ಅನ್ನಿಸಿ ಮೈ ಉರಿಯುತ್ತಿತ್ತು.

ಮರುವರ್ಷ, ಎಪ್ಪತ್ತೊಂದರಲ್ಲಿ, ಕೊಯಮತ್ತೂರಿನ ನೆಂಟರ ಮನೆಯಲ್ಲಿ ಮದುವೆ ಬಂತು. ವಿಮಾನದಲ್ಲೇ ಹೋಗಬೇಕು ಅಂತ ಚನ್ನಾಜಮ್ಮ ಪಟ್ಟು ಹಿಡಿದಳು.

"ದಿಂಬಂ ಘಾಟಿ ಇಳುದ್ರೆ ಕೊಯಮತ್ತೂರು. ಅದ್ಬುಟ್ಟು ಬೆಂಗ್ಳೂರ್ಗಂಟ ಇಂದಕ್ಕೋಗಿ ಇಮಾನ ಅತ್ಬೇಕಾ?" ಅಂದ ಗಂಡ ಸದಾಶಿವಪ್ಪ.

"ನಮ್ಮೂರ ಮೇಲ್ನಿಂದ ನೋಡ್ಬೇಕು ಕಣ್ರಿ. ಅವ್ಳೊಬ್ಳೇನಾ ನೋಡೋದು?"

ಸದಾಶಿವಪ್ಪ ಹೆಂಡತಿಯ ಮುಖ ನೋಡಿ ಒಪ್ಪಿಕೊಂಡ. ಆ ಸಲ ರೇಷ್ಮೆಗೂಡಿಗೆ ಒಳ್ಳೆ ಬೆಲೆಯೂ ಬಂದಿತ್ತು.

ತಂಗಿಯನ್ನೇ ಕೇಳಬೇಕಾಗಿ ಬಂದದ್ದು ಅವಳಿಗೆ ಸಾವಿನಂತಾಯಿತು. "ಯಾವ್ಕಡೆ ಕಿಟ್ಕಿಲಿ ಕೂತಿದ್ಯೇ, ಬಸವಿ?"

"ಎಡಗಡೆ ಕಣಕ್ಕಾ. ಎಡಗಡೇನೇ ಇಡ್ಕೋ, ಬುಡ್ಬ್ಯಾಡ."

ಸೀಟು ಮೊದಲೇ ಗೊತ್ತುಮಾಡಿರಲಿಲ್ಲ. ಮುಂದೆ ಹತ್ತಿದವರು ಇಷ್ಟಬಂದ ಕಡೆ ಕೂರಬಹುದಿತ್ತು. ಚನ್ನಾಜಮ್ಮ ಸೆರಗು ಬಿಗಿದು, ಸೂಟು ತೊಟ್ಟವರನ್ನೆಲ್ಲ ಸರಿಸಿಕೊಂಡು ಹೋಗಿ ಎಡಗಡೆಯ ಕಿಟಕಿ ಹಿಡಿದಳು. ಸದಾಶಿವಪ್ಪನಿಗೆ ಸಿಕ್ಕಿದ್ದು ಬಲಗಡೆಯದು. ವಿಮಾನ ಮೇಲೇರಿತು. ಅವಳ ಕಡೆ ಮೋಡ, ಮೋಡದ ಸಂದಿಯಲ್ಲಿ ಬರೀ ಕಾಡು. ಆ ಕಡೆಯಿಂದ ಗಂಡ ಮಗುವಿನ ಹಾಗೆ ಕೂಗಿದ:

"ಚನ್ನೀ! ಒಳೆ! ನಮ್ಮೂರ್ ಕೆರೆ! ಬಾರೇ ಇಲ್ಲಿ!"

ಸೀಟಿಗೆ ಬಿಗಿದಿದ್ದ ನಡುಪಟ್ಟಿ ಬಿಚ್ಚಲು ಗೊತ್ತಾಗದೆ ಅವಳು ಕೂತಲ್ಲೇ ಒದ್ದಾಡಿದಳು. ಬಿಚ್ಚಿಕೊಂಡು ಎದ್ದಾಗ ಕೆರೆ ಹಿಂದೆ ಹೋಗಿತ್ತು.

ಮದುವೆ ಮನೆಯಲ್ಲಿ ಹೋಳಿಗೆಯೂ ಅವಳಿಗೆ ರುಚಿಸಲಿಲ್ಲ. ಸಿಕ್ಕಿದವರಿಗೆಲ್ಲ, "ಬಸವಿ ಬೇಕಂತ್ಲೇ ಸುಳ್ಳೇಳಿದ್ಲು. ನಾನು ನೋಡ್ಬಾರ್ದು ಅವ್ಳಿಗೆ," ಅಂದಳು. ಕೆರೆ ನೋಡಿದ ಗಂಡನ ಮೇಲೂ ಸಿಟ್ಟು. ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ವಾಪಸು ಬರುವಾಗ ತಂಗಿ ಹೇಳಿದ ಕಡೆ ಸಾಯಲಿ ಅಂತ ನುಗ್ಗಿ ಬಲಗಡೆ ಕೂತಳು. ಸ್ವಲ್ಪ ಹೊತ್ತಿಗೆ ಎಡಗಡೆಯ ಕಿಟಕಿಯಿಂದ ಮತ್ತೆ ಗಂಡನ ದನಿ: "ಲೇ ಚನ್ನೀ, ಮತ್ತೆ ಕೆರೆ!"

ಅವಳಿಗೆ ಅಳುವೇ ಬಂತು. ಅವನು ಮೆಲ್ಲಗೆ ಹೇಳಿದ: "ಇಮಾನ ತಿರಿಕ್ಕಂಡದಲ್ಲೇ. ಓಗೋವಾಗ ಬಲಕ್ಕಿದ್ದದ್ದು ಬರೋವಾಗ ಎಡಕ್ಕೇ ತಾನೆ? ಬಸವಿ ಬರೋವಾಗ ನೋಡವ್ಳೆ. ಸುಳ್ಳೇನೇಳಿಲ್ಲ."

ಚನ್ನಾಜಮ್ಮ ಕಿಟಕಿಗೆ ಮುಖ ಒತ್ತಿದಳು. ಈ ಸಲ ಮೋಡವಿರಲಿಲ್ಲ. ಕಾಡಿನ ಆಚೆ ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಇನ್ನೊಂದು, ನೀಲಿಗಟ್ಟಿ ನಿಂತಿದ್ದವು. ವರ್ಷವರ್ಷವೂ ಕಾಲಿಗೆ ಬೊಬ್ಬೆ ಬರುವಂತೆ ಹತ್ತಿ ಇಳಿದ ಮಾದಪ್ಪನ ಬೆಟ್ಟಗಳು ಅವು. ಅವಳು ಕೈ ಮುಗಿದಳು.

ಊರಿಗೆ ಹೋಗುವ ಮುಂಚೆ ಕೊಳ್ಳೇಗಾಲದಲ್ಲಿ ತಂಗಿಯ ಮನೆಗೆ ಊಟಕ್ಕೆ ಇಳಿದರು. ಬಸವಮ್ಮ ಎಲೆ ಹಾಕುತ್ತಾ ಕೇಳಿದಳು, "ಕಾಣ್ತಾ ಅಕ್ಕಾ, ನಿನ್ನೂರು?"

"ಇಲ್ಲ ಕಣೇ. ಊರಲ್ಲಿ ದಿನಾ ಇರ್ತೀನಿ, ಅದ್ನೇನ್ ನೋಡೋದು? ಮಾದಪ್ಪನ ಬೆಟ್ಟ ಕಾಣ್ತು. ಏಳು ಮಲೆನೂ ಒಟ್ಗೆ."

ಬಸವಮ್ಮನ ಕೈ ನಿಂತಿತು. "ಬೆಟ್ಟ ಕಾಣ್ತದಾ? ನಂಗೆ ಕಾಣ್ನೇ ಇಲ್ಲ... ಇವ್ರೂ ಒಂದ್ಮಾತ್ ಏಳ್ನಿಲ್ಲ," ಅಂತ ಗಂಡನ ಕಡೆ ಕೆಂಗಣ್ಣು ಬಿಟ್ಟಳು. ಅನ್ನ ಬಡಿಸಿದಳು, ಸಾರು ಬಿಟ್ಟಳು, ತುಪ್ಪ ಮರೆತಳು. ಚನ್ನಾಜಮ್ಮ ಅದನ್ನು ಕೇಳಲಿಲ್ಲ. ಬರೀ ಸಾರಿನಲ್ಲಿ ಕಲಸಿಕೊಂಡು, ಇನ್ನೊಂದು ಸಲ ಅನ್ನ ಹಾಕಿಸಿಕೊಂಡು ಉಂಡಳು.