ಮಾಲೀಕರ ತಪಾಸಣೆ

ಮೂವತ್ತು ವರ್ಷ ದಾಟಿದ ಗಾಡಿಗಳೆಲ್ಲ ತಪಾಸಣೆಗೆ ಒಳಗಾಗಬೇಕು, ಪಾಸಾಗದಿದ್ದರೆ ಗುಜರಿಗೆ ಎಳೆದೊಯ್ದು ಅಪ್ಪಚ್ಚಿ ಮಾಡಲಾಗುವುದು ಎಂಬ ಪತ್ರ ಬಂದಾಗ ನಮ್ಮ ಯಜಮಾನರು ನಕ್ಕರು.

"ಬರ್ಲಿ ಬಿಡೇ. ನನ್ನ ಕಾರಲ್ಲಿ ತಪ್ಪು ಹುಡುಕೋನು ಇನ್ನೂ ಹುಟ್ಟಿಲ್ಲ."

ಮದುವೆಯಾದ ವರ್ಷ ಕೊಂಡ ಕಾರದು. ಒಂಬತ್ತು ವರ್ಷ ಓಡಿ ನಿಂತುಹೋಯಿತು. ಅಲ್ಲಿಂದ ಇಪ್ಪತ್ತೆರಡು ವರ್ಷ ಮನೆ ಪಕ್ಕದ ಶೆಡ್ಡಿನಲ್ಲಿ ಯಜಮಾನರಿಗೆ ಅದೊಂದೇ ಧ್ಯಾನ. ಮೊದಲ ಹತ್ತು ವರ್ಷ ಕಾರನ್ನು ಹೊಸದು ಮಾಡುತ್ತೇನೆಂದು ಹೊರಟರು. ಇಂಜಿನ್ ಬದಲಾಯಿತು, ಸೀಟು ಬದಲಾಯಿತು, ಡಿಕ್ಕಿಯ ಮೇಲೆ ಹಾರಲಾಗದ ಒಂದು ರೆಕ್ಕೆ ಕೂಡ ಬಂತು. ಹನ್ನೊಂದನೆಯ ವರ್ಷ ಒಂದು ಬೆಳಿಗ್ಗೆ ಟೀ ಕುಡಿಯುತ್ತಿದ್ದವರಿಗೆ ಜ್ಞಾನೋದಯವಾಯಿತು. "ಒಂದು ಬೋಲ್ಟು ಬದಲಾದ್ರೂ ಅದು ಆ ಕಾರಲ್ಲ ಕಣೇ" ಎಂದರು. ಮುಂದಿನ ಹನ್ನೆರಡು ವರ್ಷ, ಮಾಡಿದ್ದನ್ನೆಲ್ಲ ಬಿಚ್ಚಿ ಮತ್ತೆ ಹಳೆಯದು ಮಾಡಿದರು. ಕಿಟಕಿ ಇಳಿಸುವ ಒಂದು ಹಿಡಿಗಾಗಿ ಅದೇ ಮಾದರಿಯ ಇನ್ನೊಂದು ಸತ್ತ ಕಾರನ್ನೇ ಕೊಂಡು ತಂದರು. ನನ್ನ ದೊಡ್ಡ ಪಾತ್ರೆಯಲ್ಲಿ ಕಾರ್ಬೊರೇಟರ್ ನೆನೆಹಾಕಿದರು. ಪಾತ್ರೆ ಹೋಯಿತು, ಕಾರ್ಬೊರೇಟರ್ ಉಳಿಯಿತು. ನಾನು ಉಪ್ಪಿಗೂ ಇಲ್ಲ, ಸೊಪ್ಪಿಗೂ ಇಲ್ಲ. ಸವತಿಯಾದರೂ ಆಗಿದ್ದರೆ ಜುಟ್ಟು ಹಿಡಿದು ಜಗಳ ಆಡಬಹುದಿತ್ತು. ಬಾನೆಟ್ಟಿನ ಜೊತೆ ಏನು ಜಗಳ ಆಡುವುದು?

ಪತ್ರ ಬಂದ ವಾರಕ್ಕೆ ಸರ್ಕಾರಿ ಪರೀಕ್ಷಕ ಬಂದ. ಸಣಕಲು ಮನುಷ್ಯ, ಕೈಯಲ್ಲಿ ದಾರಕ್ಕೆ ಕಟ್ಟಿದ ಅಯಸ್ಕಾಂತ. ಅದು ಒಳ್ಳೆಯ ತಗಡಿಗೆ ಅಂಟುತ್ತದೆ, ತುಕ್ಕಿನ ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರೆ ಜಾರುತ್ತದೆ. ಎರಡು ಗಂಟೆ ಕಾರಿನ ಮೈಯೆಲ್ಲ ತಡವಿದ. ಎಲ್ಲ ಕಡೆ ಅಂಟಿತು. ಇಂಜಿನ್ ಶುರು ಮಾಡಿಸಿದ. ಒಂದೇ ಸಲಕ್ಕೆ ಶುರುವಾಯಿತು.

"ಗಾಡಿ ಪಾಸು" ಎಂದ. "ಈಗ ಮಾಲೀಕ್ರು ನಿಂತ್ಕೊಳ್ಳಿ."

"ನಾನ್ಯಾಕೆ?"

"ಕಲಂ ಒಂಬತ್ತು ಸಾರ್. ಗಾಡಿ ಒರಿಜಿನಲ್ ಇದ್ರೆ ಸಾಲಲ್ಲ, ಮಾಲೀಕ್ರೂ ಒರಿಜಿನಲ್ ಇರ್ಬೇಕು."

ನೋಂದಣಿ ಪುಸ್ತಕದಲ್ಲಿ ಯಜಮಾನರ ಮೂವತ್ತೊಂದು ವರ್ಷದ ಹಿಂದಿನ ಫೋಟೊ ಇತ್ತು. ತಲೆ ತುಂಬ ಕೂದಲು, ಬಾಯಿ ತುಂಬ ನಗು. ಪರೀಕ್ಷಕ ಫೋಟೊ ನೋಡಿದ, ಮುಖ ನೋಡಿದ, ಬ್ಯಾಟರಿ ಬಿಟ್ಟು ಬಾಯೊಳಗೆ ನೋಡಿದ.

"ಮೇಲಿನ ಸಾಲು ಪೂರ್ತಿ ಬದಲಾಗಿದೆ."

"ಕಟ್ಟಿಸಿರೋ ಹಲ್ಲು ಸಾರ್."

"ಕಣ್ಣು?"

"ಲೆನ್ಸ್ ಹಾಕ್ಸಿದೀನಿ."

ಪರೀಕ್ಷಕ ಬಗ್ಗಿ ಮೊಣಕಾಲಿಗೆ ಅಯಸ್ಕಾಂತ ಹಿಡಿದ. ಜಾರಿ ಬಿತ್ತು. "ಒಳಗೆ ಪುಟ್ಟಿ ಇದೆ" ಎಂದು ಬರೆದುಕೊಂಡ.

"ಮನುಷ್ಯರಿಗೆ ಅಯಸ್ಕಾಂತ ಅಂಟಲ್ಲ ಸಾರ್!"

"ಎಲ್ರೂ ಇದನ್ನೇ ಹೇಳ್ತಾರೆ."

ಯಜಮಾನರು ಬೆವರತೊಡಗಿದರು. ಹಲ್ಲು, ಕಣ್ಣು ಬದಲಾದ ಮಾತ್ರಕ್ಕೆ ಮನುಷ್ಯ ಬದಲಾಗುವುದಿಲ್ಲ ಎಂದು ವಾದಿಸಿದರು. ಬೋಲ್ಟಿನ ವೇದಾಂತ ಹೇಳಿದ ಬಾಯೇ ಅದು! ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

"ಸರಿ, ಮನೆ ವಿಷಯ ಹೇಳಿ. ಮಕ್ಕಳೆಷ್ಟು?"

"ಇಬ್ರು."

"ಮೂರು ರೀ" ಎಂದೆ ನಾನು.

ಯಜಮಾನರು ಅಡುಗೆಮನೆ ಕಿಟಕಿಯತ್ತ ತಿರುಗಿದರು. ಇಪ್ಪತ್ತು ವರ್ಷದ ನಮ್ಮ ಕೊನೆಯ ಮಗಳು ಅಲ್ಲಿ ನಿಂತು ನೋಡುತ್ತಿದ್ದಳು. "ಓ, ಅವ್ಳು ನಮ್ಮವಳಾ? ನಿಮ್ಮಕ್ಕನ ಮಗಳು ಅಂದ್ಕೊಂಡಿದ್ದೆ" ಎಂದರು. ಬಾಯಿಬಿಟ್ಟರೆ ಬಣ್ಣಗೇಡು ಅನ್ನುವುದು ಇದಕ್ಕೇ.

ಪರೀಕ್ಷಕ ಪೆನ್ನು ಎತ್ತಿ ನನ್ನ ಕಡೆ ನೋಡಿದ. "ಕೊನೇ ಸಾಕ್ಷಿ ನೀವೇ ಅಮ್ಮ. ಇವ್ರು ನೀವು ಮದುವೆಯಾದ ಮನುಷ್ಯರೇನಾ? ಹೌದು ಅಂದ್ರೆ ಪಾಸು. ಇವ್ರು ನಕಲಿ ಅಂದ್ರೆ ನಾಳೆ ಬೆಳಿಗ್ಗೆ ಕ್ರೇನು ಬರುತ್ತೆ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದೊಣ್ಣೆ ಈಗ ನನ್ನ ಕೈಗೆ ಬಂದಿತ್ತು. ಯಜಮಾನರು ನನ್ನನ್ನೇ ನೋಡುತ್ತಿದ್ದರು, ಕೈಯಲ್ಲಿ ಗ್ರೀಸು ಮೆತ್ತಿದ ಬಟ್ಟೆ. ಪಾಪ ಅನ್ನಿಸಿತು. ಏನೇ ಆಗಲಿ, ನನ್ನವರು. ಹೌದು ಎನ್ನಲು ಬಾಯಿ ತೆರೆದೆ.

"ಬೇಗ ಹೇಳೇ" ಎಂದರು ಯಜಮಾನರು. "ಕಾರು ಹೋಗ್ಬಿಡುತ್ತೆ."

ಕಾರು! ನನ್ನ ಮೈ ಉರಿದುಹೋಯಿತು.

"ಅಲ್ಲ" ಎಂದೆ. "ಇವ್ರು ನಕಲೀನೂ ಅಲ್ಲ, ಅವ್ರೂ ಅಲ್ಲ. ನಾನು ಮದುವೆಯಾದೋರು ನನ್ನ ಜೊತೆ ಕೂತು ಮಾತಾಡ್ತಿದ್ರು. ಅವ್ರು ಕಾಣೆಯಾಗಿ ಇಪ್ಪತ್ತೆರಡು ವರ್ಷ ಆಯ್ತು."

ಯಜಮಾನರು ಬಂಪರಿನ ಮೇಲೆ ಕುಸಿದು ಕೂತರು. ಹೇಳಿದ್ದಕ್ಕೆ ನನಗೆ ದುಃಖವೂ ಆಯಿತು, ಎದೆ ಹಗುರವೂ ಆಯಿತು.

ಪರೀಕ್ಷಕ ಮಾತ್ರ ತನ್ನ ಪುಸ್ತಕದ ಪುಟ ತಿರುವುತ್ತಿದ್ದ. "ಕಾಣೆ ಅಂದ್ರೆ ಕಲಂ ಹದಿನಾಲ್ಕು. ಗಾಡಿ ಹೆಂಡತಿಗೆ ಸೇರುತ್ತೆ." ನನ್ನ ಕಡೆ ಅಯಸ್ಕಾಂತ ಚಾಚಿದ. ಅದು ನನ್ನ ಕೈಯಲ್ಲಿದ್ದ ಬೀಗದ ಕೈಗೊಂಚಲಿಗೆ ಟಪ್ಪನೆ ಅಂಟಿತು. "ಒರಿಜಿನಲ್" ಎಂದು ಬರೆದುಕೊಂಡ. "ಅಮ್ಮ, ಈಗ ಗಾಡಿ ನಿಮ್ದು. ಗುಜರಿಗೆ ಹಾಕ್ತೀರೋ, ಇಟ್ಕೋತೀರೋ?"

"ಇಟ್ಕೋತೀನಿ."

"ಇವ್ರು?"

ಯಜಮಾನರು ತಲೆ ಎತ್ತಲೇ ಇಲ್ಲ. ಕಾರಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಇರ್ಲಿ" ಎಂದೆ. "ನಂಗೆ ಓಡ್ಸೋಕೆ ಬರಲ್ಲ."

ಪರೀಕ್ಷಕ ಠಸ್ಸೆ ಒತ್ತಿ ಹೊರಟುಹೋದ. ಯಜಮಾನರು ಎದ್ದು ಸೋಪು ಹಾಕಿ ಕೈ ತೊಳೆದುಕೊಂಡರು, ಮೊಣಕೈವರೆಗೂ. ಬಂದು ನನಗೆ ಬಾಗಿಲು ತೆಗೆದರು. ಪಕ್ಕದ ಸೀಟಿನಲ್ಲಿ ಕೂತೆ. ಕಾರು ಗೇಟು ದಾಟಿ ಬೀದಿಗೆ ಇಳಿಯಿತು.

"ಎಲ್ಲಿಗೆ ಹೋಗೋಣ ಹೇಳು" ಎಂದರು. "ನೀನು ಹೇಳಿದ ಕಡೆಗೆ."

ಎಷ್ಟು ಯೋಚಿಸಿದರೂ ಒಂದು ಜಾಗವೂ ಹೊಳೆಯಲಿಲ್ಲ. ಅಮ್ಮನ ಮನೆ, ಮಕ್ಕಳ ಸ್ಕೂಲು, ಆಸ್ಪತ್ರೆ, ಸಮುದ್ರ, ಹೋಗಬೇಕಾದ ಕಡೆಗೆಲ್ಲ ಇಪ್ಪತ್ತೆರಡು ವರ್ಷದಲ್ಲಿ ಬಸ್ಸಿನಲ್ಲೇ ಒಬ್ಬಳೇ ಹೋಗಿ ಬಂದಿದ್ದೆ. ಅದನ್ನೇ ಹೇಳಿದೆ. ಹೇಳುತ್ತಾ ಅಳು ಬಂತು.

ಯಜಮಾನರು ಕಾರನ್ನು ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿದರು.

"ಅಲ್ಲಿಗೆಲ್ಲ ಹೋದಾಗ ಏನೇನಾಯ್ತು, ಹೇಳೇ" ಎಂದರು.