ಕೊಕ್ಕರೆಯ ರೆಕ್ಕೆಯ ಮೇಲಿನ ಹೆಬ್ಬೆರಳು

ಕನ್ನಡಕದಂಗಡಿಯವರಿಗೂ ಬೆರಳಿನ ಗುರುತಿಗೂ ಹುಟ್ಟು ವೈರ. ಗಿರಾಕಿಗಳು ಗಾಜಿನ ಮೇಲೆ ಒತ್ತಿ ಹೋದ ಬೆರಳುಗಳನ್ನು ಒರೆಸುವುದರಲ್ಲೇ ಅವರ ಅರ್ಧ ಆಯುಷ್ಯ ಕಳೆದಿತ್ತು. ಮನೆಗೆ ಬಂದರೂ ಕೈ ಸುಮ್ಮನಿರುತ್ತಿರಲಿಲ್ಲ. ಕಪಾಟಿನ ಗಾಜು, ಗಡಿಯಾರದ ಮುಖ, ಕೊನೆಗೆ ಹೆಂಡತಿಯ ಮೂಗಿನ ಮೇಲಿದ್ದ ಕನ್ನಡಕವನ್ನೂ ಕಿತ್ತುಕೊಂಡು ಒರೆಸುತ್ತಿದ್ದರು.

"ನನ್ನನ್ನೂ ಒಂದ್ಸಲ ಒರೆಸಿ ಕಪಾಟಲ್ಲಿ ಇಟ್ಬಿಡಿ, ನಿಮಗೂ ನೆಮ್ಮದಿ" ಎಂದು ಆಕೆ ನಗುತ್ತಿದ್ದಳು. ಆಕೆ ಬೇಕರಿಯಲ್ಲಿ ಹಿಟ್ಟು ನಾದುವವಳು. ಎಷ್ಟು ತೊಳೆದರೂ ಬೆರಳಲ್ಲಿ ಬೆಣ್ಣೆಯ ಜಿಡ್ಡು ಉಳಿದೇ ಉಳಿಯುತ್ತಿತ್ತು.

ಇಂಥ ಮನುಷ್ಯನಿಗೆ ನಾಣ್ಯ ಕೂಡಿಡುವ ಹುಚ್ಚು ಬೇರೆ. ಮದುವೆಯಾದ ಮೂರನೇ ವರ್ಷ, ಎಂಟು ತಿಂಗಳು ಕಾದು ಒಂದು ಬೆಳ್ಳಿ ನಾಣ್ಯ ತರಿಸಿದ್ದರು. ಕನ್ನಡಿಯಂಥ ಹೊಳಪು, ಮೇಲೆ ರೆಕ್ಕೆ ಬಿಚ್ಚಿದ ಕೊಕ್ಕರೆ. ಡಬ್ಬಿ ತೆರೆದಿಟ್ಟು ಬಿಳಿ ಕೈಗವಸು ತರಲು ಒಳಗೆ ಹೋದರು. ಬರುವಷ್ಟರಲ್ಲಿ ಆಕೆ ಬಗ್ಗಿ, ಕೊಕ್ಕರೆಯ ರೆಕ್ಕೆಯ ಮೇಲೆ ಹೆಬ್ಬೆರಳಿಟ್ಟಿದ್ದಳು.

"ಜೀವ ಇರೋ ಹಾಗಿದೆ ಕಣ್ರೀ!"

"ಮುಟ್ಬೇಡ!" ಎಂದು ಅವರು ಅರಚಿದ ಸದ್ದಿಗೆ ತೊಟ್ಟಿಲಲ್ಲಿದ್ದ ಮಗಳು ಬೆಚ್ಚಿ ಎದ್ದಳು. ಆಮೇಲೆ ಮೂರು ದಿನ ಅವರು ಮಾತು ಬಿಟ್ಟರು. ಒರೆಸೋಣವೆಂದರೆ ಅಂಥ ನಾಣ್ಯಕ್ಕೆ ಬಟ್ಟೆ ತಾಗಿದರೂ ಗೀರು ಬೀಳುತ್ತದೆ. ಲೋಕದ ಗಾಜನ್ನೆಲ್ಲ ಒರೆಸಿದ ಕೈ ಅದೊಂದನ್ನು ಒರೆಸಲಾರದೆ ಕೂತಿತು.

ಆಕೆ ಜಗಳವಾಡಲಿಲ್ಲ. ಆದರೆ ಅಂದಿನಿಂದ ಅವರು ಕಪಾಟು ತೆರೆದಾಗಲೆಲ್ಲ ಬಂದು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದಳು. "ನೋಡ್ತೀನಿ ಅಷ್ಟೇ, ಗಾಬರಿಯಾಗ್ಬೇಡಿ" ಎನ್ನುತ್ತಿದ್ದಳು. ಮೊದಮೊದಲು ಅಣಕಕ್ಕೆ, ಆಮೇಲೆ ಅದೇ ಅಭ್ಯಾಸವಾಯಿತು. ಮೂವತ್ತೊಂದು ವರ್ಷ ಹಾಗೇ ನಿಂತು ನೋಡಿದಳು. ಒಂದು ಸಲ, ಒಂದೇ ಒಂದು ಸಲ, "ಮುಟ್ಟು, ಪರವಾಗಿಲ್ಲ" ಎನ್ನಬಹುದಿತ್ತು ಈ ಮಹಾಶಯರು. ಅನ್ನಲಿಲ್ಲ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅನ್ನುತ್ತಾರಲ್ಲ, ಹಾಗಾಯಿತು. ಹೋದ ವರ್ಷ ಆಕೆ ತೀರಿಕೊಂಡಳು.

ಈಗ ಮಗಳು ಹಟ ಹಿಡಿದಿದ್ದಳು. "ಅಪ್ಪಾ, ಎಲ್ಲಾನೂ ಅಂಕ ಹಾಕಿಸಿ ಇಡು. ನಾಳೆ ನಾನು ಕಪಾಟು ತೆಗೆದ್ರೆ ಯಾವುದು ಏನು ಅಂತ ನಂಗೇನು ಗೊತ್ತಾಗುತ್ತೆ?" ಅಂಕ ಹಾಕುವ ಸಂಸ್ಥೆಯವರು ನಾಣ್ಯವನ್ನು ಪರೀಕ್ಷಿಸಿ, ಎಪ್ಪತ್ತಕ್ಕೆ ಇಷ್ಟು ಎಂದು ಚೀಟಿ ಬರೆದು, ಮತ್ತೆ ತೆರೆಯಲು ಬಾರದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕಳಿಸುತ್ತಾರೆ. ಮಗಳೇ ನಾಣ್ಯದಂಗಡಿಯವನನ್ನು ಮನೆಗೆ ಕರೆಸಿದಳು. ಯಾವಾಗಲೂ ಒಂದು ಕಣ್ಣಿಗೆ ಮಸೂರ ಹಿಡಿದಿರುವ ಅವನಿಗೆ 'ಭೂತಗನ್ನಡಿ' ಎಂದು ಹೆಸರಿಟ್ಟವಳು ಕನ್ನಡಕದವರ ಹೆಂಡತಿಯೇ.

ಭೂತಗನ್ನಡಿ ಒಂದೊಂದನ್ನೇ ನೋಡುತ್ತ ಕೊಕ್ಕರೆಗೆ ಬಂದು ನಿಂತ. "ಛೆ ಛೆ! ಯಾರೋ ಬೆರಳಿಟ್ಟಿದ್ದಾರಲ್ಲ ಸಾರ್! ಹಿಂದುಗಡೆ ಮಾತ್ರ ಅಪ್ಪಟ ಕನ್ನಡಿ. ಹೀಗೇ ಕಳಿಸಿದ್ರೆ ಅರವತ್ತೆರಡು ಬಂದ್ರೆ ಹೆಚ್ಚು. ಒಂದು ದ್ರಾವಣ ಇದೆ, ಅದ್ದಿ ತೆಗೆದ್ರೆ ಗುರುತು ಹೋಗುತ್ತೆ. ಅರವತ್ತೆಂಟು ಗ್ಯಾರಂಟಿ."

"ಹೋಗುತ್ತಾ?" ಎಂದರು ಕನ್ನಡಕದವರು. ನಾಣ್ಯದ ಡಬ್ಬಿಯನ್ನು ತಮ್ಮತ್ತ ಎಳೆದುಕೊಂಡರು.

"ಪೂರ್ತಿ ಹೋಗುತ್ತೆ. ಯೋಚನೆ ಮಾಡಿ ಸಾರ್, ನಾಳೆ ಸಂಜೆ ಬಂದು ತಗೊಂಡು ಹೋಗ್ತೀನಿ."

ಮರುದಿನ ಮಧ್ಯಾಹ್ನ, ಮಗಳು ಕೆಲಸಕ್ಕೆ ಹೋದ ಮೇಲೆ, ಅವರು ಕಿಟಕಿಯ ಬಳಿ ಕೂತು ಕೊಕ್ಕರೆ ನಾಣ್ಯದ ಡಬ್ಬಿಯ ಮುಚ್ಚಳ ತೆಗೆದರು. ಗುರುತು ಈಗ ಕಂದು ಬಣ್ಣಕ್ಕೆ ತಿರುಗಿತ್ತು. ಗೆರೆಗಳು ಎಣಿಸಬಹುದಾದಷ್ಟು ಸ್ಪಷ್ಟ. ನಡುವೆ ಓರೆಯಾಗಿ ಒಂದು ಖಾಲಿ ಗೀಟು. ಬೇಕರಿಯ ಬಿಸಿ ತಟ್ಟೆ ತಗುಲಿ ಆದ ಗಾಯದ ಕಲೆ ಅದು. ಮನೆಯಲ್ಲಿ ಆಕೆಯ ಫೋಟೋಗಳಿದ್ದವು, ಸೀರೆಗಳಿದ್ದವು. ಆದರೆ ಆಕೆ ಮುಟ್ಟಿದ್ದು ಹಾಗೇ ಉಳಿದದ್ದು ಇದೊಂದೇ. ಬೇರೆಲ್ಲವನ್ನೂ ಅವರೇ ಒರೆಸಿ ಹಾಕಿದ್ದರು.

ವರ್ಷದಿಂದ ಅವರಿಗೆ ಒಂದೇ ಆಸೆ, ಆ ಗುರುತಿನ ಮೇಲೆ ತಮ್ಮ ಹೆಬ್ಬೆರಳಿಡಬೇಕು. ಪ್ರತಿಸಲ ಬೆರಳು ಕೂದಲೆಳೆಯಷ್ಟು ಹತ್ತಿರ ಹೋಗಿ ನಿಲ್ಲುತ್ತಿತ್ತು. ಇಟ್ಟರೆ ಆಕೆಯದು ಕದಡಿಹೋಗುತ್ತದೆ. ಇಡದಿದ್ದರೆ ಈ ಸಂಕಟ ಹೋಗುವುದಿಲ್ಲ. ಡಬ್ಬಿಯಲ್ಲಿ ಮುಚ್ಚಿಸಿದರೆ ಗುರುತು ಭದ್ರ, ಆದರೆ ಆ ಕೂದಲೆಳೆಯ ದೂರ ಎಂದೆಂದಿಗೂ ಹಾಗೇ ಉಳಿಯುತ್ತದೆ. ಅವರು ಬಹಳ ಹೊತ್ತು ಕೂತಿದ್ದರು, ಮೂಗು ಸೋರಿದ್ದೂ ಗೊತ್ತಾಗಲಿಲ್ಲ.

ಆಮೇಲೆ ಎದ್ದು ಫ್ರಿಜ್ಜಿನಿಂದ ಬೆಣ್ಣೆಯ ಡಬ್ಬಿ ತೆಗೆದು, ಹೆಬ್ಬೆರಳನ್ನು ಅದಕ್ಕೆ ತುಸುವೇ ತಾಗಿಸಿದರು. ಗವಸು ಹಾಕಲಿಲ್ಲ. ನಾಣ್ಯವನ್ನು ಅಂಚಿನಲ್ಲಿ ಹಿಡಿದು ತಿರುಗಿಸಿ, ಕನ್ನಡಿಯಂಥ ಆ ಹಿಂಬದಿಯಲ್ಲಿ, ಆಕೆಯ ಬೆರಳಿದ್ದ ಜಾಗಕ್ಕೆ ಸರಿಯಾಗಿ, ತಮ್ಮ ಬೆರಳನ್ನು ಒತ್ತಿದರು. ಮನಸ್ಸಿನಲ್ಲೇ ಮೂರು ಎಣಿಸಿ ತೆಗೆದರು.

ಸಂಜೆ ಭೂತಗನ್ನಡಿ ಬಂದ. ಮಗಳೂ ಬಂದಿದ್ದಳು. ನಾಣ್ಯ ತಿರುಗಿಸಿದವನೇ ಅವನು ಮಸೂರ ಕೆಳಗಿಟ್ಟು ಅರಚಿದ.

"ಅಯ್ಯೋ ಸಾರ್! ನಿನ್ನೆ ಹಿಂದುಗಡೆ ಏನೂ ಇರ್ಲಿಲ್ಲ! ಯಾರು ಮುಟ್ಟಿದ್ದು ಇದನ್ನ?"

ಅಪ್ಪ ಮೇಜಿನ ಮೇಲೆ ಮರೆತು ಬಿಟ್ಟಿದ್ದ ಬೆಣ್ಣೆಯ ಡಬ್ಬಿಯನ್ನು ಮಗಳು ನೋಡಿದಳು, ಅಪ್ಪನನ್ನು ನೋಡಿದಳು. ಅಷ್ಟರಲ್ಲಿ ಕನ್ನಡಕದವರ ಎರಡೂ ಕೈಗಳು ತಾವಾಗಿ ಬೆನ್ನ ಹಿಂದೆ ಹೋಗಿ ಕಟ್ಟಿಕೊಂಡಿದ್ದವು.

"ನಾನೇ" ಎಂದರು. "ಯಾವುದರಲ್ಲೂ ಅದ್ದೋದು ಬೇಡ. ಎರಡೂ ಗುರುತು ಹಾಗೇ ಇರೋ ಥರ ಮುಚ್ಚಿಸಿ ತಂದ್ಕೊಡಿ. ಅಂಕ ಎಷ್ಟಾದ್ರೂ ಬರ್ಲಿ."