ಕಾರ್ಲಿಸ್ ಪತ್ರದ ಕೊನೆಯ ಪ್ಯಾರಾ

ಉತ್ತರ ಡಕೋಟದ ನಮ್ಮೂರಿನ ವಾರಪತ್ರಿಕೆಗೆ ನಾನು ಸಂಪಾದಕಿ. ಭಾನುವಾರ ಚರ್ಚು ಮುಗಿದ ಮೇಲೆ ಯಾರು ಯಾರ ಮನೆಯಲ್ಲಿ ಕಾಫಿ ಕುಡಿದರು, ಯಾರ ಹಸು ಅವಳಿ ಕರು ಹಾಕಿತು ಎಂದೆಲ್ಲ ಅದರಲ್ಲಿ ಹತ್ತೊಂಬತ್ತು ವರ್ಷ ಬರೆದವಳು ಕಾರ್ಲಿಸ್ ಹಾಗ್ಲಂಡ್. ಹಳೆಯ ಕಾಲದ್ದಾಯಿತೆಂದು ಆ ಅಂಕಣ ನಿಲ್ಲಿಸಿದವಳು ನಾನೇ. ಅವಳು ಅದನ್ನೇ ಫೋನಿನಲ್ಲಿ ಎಲ್ಲರೂ ಓದಿ ಬರೆಯುವಂಥ ಒಂದು ಪುಟ ಮಾಡಿಕೊಂಡು ಮುಂದುವರಿಸಿದಳು. ವರ್ಷದೊಳಗೆ ಅರ್ಧ ಊರು ಅಲ್ಲಿತ್ತು. ಸತ್ತವರ ಸುದ್ದಿ ಕೂಡ ಮೊದಲು ಅವಳಿಗೆ, ಆಮೇಲೆ ನನಗೆ.

ಈ ಚಳಿಗಾಲ ಊರ ಶಾಲೆಯನ್ನು ಮುಚ್ಚಿ ಪಕ್ಕದೂರಿನ ಶಾಲೆಗೆ ಸೇರಿಸುವ ಮಾತು ಬಂತು. ಮತ ಹಾಕಿ ತೀರ್ಮಾನಿಸಬೇಕಿತ್ತು. ಧಾನ್ಯದ ಗೋದಾಮಿನಲ್ಲಿ ರೈತರು ಸೇರುವ ಬೆಳಗಿನ ಕಾಫಿಗೆ ಇದ್ದ ಒಂದು ಮೇಜು ಎರಡಾಯಿತು. ಕಾರ್ಲಿಸ್ ಶಾಲೆ ಉಳಿಯಬೇಕೆನ್ನುವವಳು. ಬೇರೆ ಮಾತು ಬಂದರೆ ತನ್ನ ಪುಟದಿಂದ ಅಳಿಸುತ್ತಿದ್ದಳು. ನಾನು ಎರಡೂ ಕಡೆಯ ಪತ್ರಗಳನ್ನು ಅಕ್ಕಪಕ್ಕದಲ್ಲೇ, ಸ್ಕೇಲು ಹಿಡಿದು ಸಮವಾಗಿ ಅಳೆದು ಹಾಕುತ್ತಿದ್ದೆ. ಹಾಗೆಂದು ಸಿಕ್ಕವರಿಗೆಲ್ಲ ಹೇಳುತ್ತಲೂ ಇದ್ದೆ.

ಮತದಾನಕ್ಕೆ ಮುಂಚಿನ ಕೊನೆಯ ಸಂಚಿಕೆಗೆ ಕಾರ್ಲಿಸ್ ತಾನೇ ಒಂದು ಪತ್ರ ತಂದುಕೊಟ್ಟಳು. ಅದರ ಕೊನೆಯ ಪ್ಯಾರಾ ಹೀಗಿತ್ತು: ಬೇಲಿಯ ಜಗಳದಿಂದ ಮಾತು ಬಿಟ್ಟ ಎರಡು ಮನೆಯವರು ಮಕ್ಕಳ ಬಾಸ್ಕೆಟ್‌ಬಾಲ್ ನೋಡಲು ಬಂದು ಶಾಲೆಯ ಒಂದೇ ಬೆಂಚಿನಲ್ಲಿ ಕೂರುತ್ತಾರೆ, ಒಂದೇ ಬಾಸ್ಕೆಟ್ಟಿಗೆ ಎದ್ದು ನಿಲ್ಲುತ್ತಾರೆ; ನಾಳೆ ಇವರು ಎಲ್ಲಿ ಕೂರಬೇಕು?

ಮೂರು ಸಲ ಓದಿದೆ. ಇದೇ ವಿಷಯಕ್ಕೆ ಎರಡು ತಿಂಗಳಿಂದ ಸಂಪಾದಕೀಯ ಬರೆಯುತ್ತಿದ್ದ ನನಗೆ ಇಂಥದೊಂದು ಸಾಲು ಸಿಕ್ಕಿರಲಿಲ್ಲ. ಆ ಪ್ಯಾರಾ ಕತ್ತರಿಸಿದೆ. ಖಾಲಿಯಾದ ಜಾಗಕ್ಕೆ ಚರ್ಚಿನ ಮೀಟ್‌ಬಾಲ್ ಊಟದ ಪ್ರಕಟಣೆ ಇಟ್ಟೆ. ಎದುರು ಕಡೆಯವರ ಪತ್ರ ಪೂರ್ತಿ ಬಂತು.

ಗುರುವಾರ ಪತ್ರಿಕೆ ಹೊರಬಿತ್ತು. ಶುಕ್ರವಾರ ಬೆಳಿಗ್ಗೆ ಕಾರ್ಲಿಸ್ ಅದನ್ನು ಮಡಚಿಕೊಂಡು ಕಚೇರಿಗೆ ಬಂದಳು. ಜಾಗ ಸಾಲಲಿಲ್ಲ ಎಂದೆ. ಅವಳು ಪ್ರಕಟಣೆಯ ಮೇಲೆ ಬೆರಳಿಟ್ಟಳು.

"ಮೀಟ್‌ಬಾಲಿಗೆ ಸಾಕಾಯ್ತಲ್ಲ."

ನಾನು ಮೇಜಿನ ಮೇಲಿದ್ದ ಸ್ಕೇಲನ್ನು ಪಕ್ಕಕ್ಕೆ ಸರಿಸಿದೆ.

"ನಾನು ಅಳಿಸ್ತೀನಿ, ಲವಾನ್. ಅದು ಊರಿಗೇ ಗೊತ್ತು. ಆದ್ರೆ ಆ ಕಡೆಯವ್ರು ನನ್ನ ಪುಟ ನೋಡಲ್ಲ ಕಣೇ, ನಿನ್ನ ಪೇಪರ್ ಒಂದನ್ನೇ ಓದೋದು. ಅದಕ್ಕೇ ನಿನ್ನ ಹತ್ರ ತಂದೆ." ಆಮೇಲೆ ದನಿ ತಗ್ಗಿಸಿ ಕೇಳಿದಳು, "ಅಷ್ಟು ಕೆಟ್ಟದಾಗಿತ್ತಾ?"

"ಇಲ್ಲ. ಅಷ್ಟು ಚೆನ್ನಾಗಿತ್ತು."

ಅವಳು ನನ್ನನ್ನೇ ನೋಡಿದಳು, ಕೈಗವಸು ಹಾಕಿಕೊಂಡು ಹೊರಟುಹೋದಳು.

ಮತದಾನ ಮಂಗಳವಾರ. ಮುಂದಿನ ಸಂಚಿಕೆಯ ಹೊತ್ತಿಗೆ ಎಲ್ಲ ಮುಗಿದಿರುತ್ತಿತ್ತು. ಆ ಪ್ಯಾರಾವನ್ನು ಬಿಡಿ ಹಾಳೆಗಳಲ್ಲಿ ಅಚ್ಚು ಹಾಕಿದೆ. ಕೆಳಗೆ, ಇದನ್ನು ಕತ್ತರಿಸಿದ್ದು ಜಾಗ ಸಾಲದೆ ಅಲ್ಲ, ನನ್ನ ಹೊಟ್ಟೆಕಿಚ್ಚಿಗೆ ಎಂದು ಬರೆದು ಸಹಿ ಮಾಡಿದೆ. ಶನಿವಾರ ಬೆಳಿಗ್ಗೆ ಗೋದಾಮಿಗೆ ಹೋಗಿ, ಶಾಲೆ ಮುಚ್ಚಲಿ ಎನ್ನುವವರ ಮೇಜಿನ ಮೇಲಿಟ್ಟೆ.

ಬೀಟ್‌ರೂಟು ಬೆಳೆಯುವ ಮುದುಕ ಓರ್ವಿಲ್ ಕನ್ನಡಕ ಹಾಕಿಕೊಂಡು ಜೋರಾಗಿ ಓದಿದ. ಮೇಜು ಸದ್ದಿಲ್ಲದೆ ಕೇಳಿತು. ಬೆಂಚಿನ ಮಾತು ಬಂದಾಗ ಒಬ್ಬ ಕಾಫಿ ಲೋಟವನ್ನು ಕೆಳಗಿಟ್ಟ. ನಾನು ಬರೆದದ್ದನ್ನು ಯಾರಾದರೂ ಹಾಗೆ ಕೇಳಿದ್ದು ನನಗೆ ನೆನಪಿಲ್ಲ. ಓರ್ವಿಲ್ ಪ್ಯಾರಾ ಮುಗಿದಲ್ಲಿಗೇ ನಿಲ್ಲಿಸಿ ಮತ್ತೆ ಮೊದಲಿನಿಂದ ಓದಲು ಹೊರಟ.

"ಕೆಳಗಿರೋದನ್ನೂ ಓದು" ಎಂದೆ.

ಅವನು ಅದರ ಮೇಲೆ ಕಣ್ಣಾಡಿಸಿದ.

"ಅದು ನಮಗೆ ಗೊತ್ತಿದ್ದದ್ದೇ ಬಿಡು, ಲವಾನ್."